ಲ್ಯಾಪ್‌ಟಾಪಿನ ಬಿಸಿಯೂ ಬೀಸಣಿಗೆಯ ವೇಗವೂ

ಚೈತ್ರ ಕಳೆದು ವೈಶಾಖ ಬರುವ ಹೊತ್ತಿಗೆ ಮಲಪ್ರಭಾ ನದಿಯ ಬಯಲು ಕಾದ ಹಂಚಿನಂತಾಗುತ್ತದೆ. ಸವದತ್ತಿ ರಾಮದುರ್ಗಗಳಲ್ಲಿ ಮಧ್ಯಾಹ್ನದ ನೆರಳಿನಲ್ಲಿಯೇ ಉಷ್ಣತೆಯು 38ರಿಂದ 40 ಡಿಗ್ರಿ ಸೆಲ್ಸಿಯಸ್ಸಿನವರೆಗೆ ಏರುವ ದಿನಗಳುಂಟು. ಬೈಲಹೊಂಗಲದ ಎರೆಹೊಲಗಳು ಬಿರುಕುಬಿಟ್ಟು ಗಾಳಿಗೆ ಧೂಳೆಬ್ಬಿಸುತ್ತವೆ. ಮಲೆನಾಡಿನ ಅಂಚಿಗೆ ಸಮೀಪವಾದ ಕಿತ್ತೂರಿನಲ್ಲಿ ಮಾತ್ರ ಬೇಗೆಯು ತುಸು ಕಡಮೆ. ಬೆಳಗಾವಿ ಜಿಲ್ಲೆಯ ಈ ಭಾಗದ ವಿದ್ಯಾರ್ಥಿಗಳು ಪರೀಕ್ಷೆಗೆ ಸಿದ್ಧರಾಗುವುದೂ ಹೆಚ್ಚಾಗಿ ಇದೇ ಕಾಲದಲ್ಲಿಯೇ.

ಇಂಥ ಒಂದು ಮಧ್ಯಾಹ್ನ ತಗಡಿನ ಮಾಡಿನ ಕೋಣೆಯೊಂದರಲ್ಲಿ ವಿದ್ಯಾರ್ಥಿಯೊಬ್ಬನು ಲ್ಯಾಪ್‌ಟಾಪನ್ನು ಕೌದಿಯ ಮೇಲಿಟ್ಟುಕೊಂಡು ಕುಳಿತಿದ್ದಾನೆಂದು ಭಾವಿಸೋಣ. ಅರ್ಧ ಗಂಟೆಯೊಳಗೆ ಯಂತ್ರದ ಬೀಸಣಿಗೆಯು ಭೋರೆನ್ನತೊಡಗುತ್ತದೆ. ಬಳಿಕ ಪರದೆಯ ಮೇಲಿನ ಕೆಲಸವು ಕುಂಟುತ್ತದೆ. ಕೊನೆಗೆ, ಯಾವ ಸೂಚನೆಯೂ ಇಲ್ಲದೆ, ಯಂತ್ರವು ತಾನಾಗಿ ಆರಿಹೋಗುತ್ತದೆ. ಬರೆದು ಉಳಿಸದಿದ್ದ ಎರಡು ಗಂಟೆಗಳ ಕೆಲಸವೂ ಅದರೊಡನೆ ಹೋಗುತ್ತದೆ. ಆತನು ಬೀಸಣಿಗೆಯು ಕೆಟ್ಟಿತೆಂದು ಬಗೆಯುತ್ತಾನೆ. ಆದರೆ ಬೀಸಣಿಗೆಯು ತನ್ನ ಶಕ್ತಿಮೀರಿ ದುಡಿದಿತ್ತು. ತಪ್ಪು ಬೇರೆಲ್ಲಿಯೋ ಇದೆ. ಅದೆಲ್ಲಿದೆಯೆಂಬುದನ್ನು ಕಂಡುಕೊಳ್ಳುವುದೇ ಈ ಲೇಖನದ ಉದ್ದೇಶ.

2019–20ನೆಯ ಸಾಲಿನಲ್ಲಿ ಕರ್ನಾಟಕ ಸರ್ಕಾರವು ಸರ್ಕಾರಿ ಪ್ರಥಮದರ್ಜೆ ಕಾಲೇಜುಗಳ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪುಗಳನ್ನು ಹಂಚಿತು. 2020ರಲ್ಲಿ ಕೊರೋನಾ ವ್ಯಾಧಿಯು ಹಬ್ಬಿ ಪಾಠಗಳು ಮನೆಗೇ ಬಂದುವು. ಹೀಗೆ ಈ ಯಂತ್ರವು ಹಳ್ಳಿಯ ಮನೆಗಳನ್ನೂ ಹೊಕ್ಕಿದೆ. ಒಮ್ಮೆ ಕೆಟ್ಟರೆ ಇನ್ನೊಂದನ್ನು ಕೊಳ್ಳುವುದು ಎಲ್ಲರಿಗೂ ಸುಲಭವಲ್ಲ. ಆದುದರಿಂದ ಇದರ ಉಷ್ಣದ ವಿಚಾರವನ್ನು ತಿಳಿದಿರುವುದು ಪ್ರತಿಯೊಬ್ಬ ವಿದ್ಯಾರ್ಥಿಗೂ ಅಗತ್ಯ.

ಶಾಖವು ಹುಟ್ಟುವ ಬಗೆ

ಲ್ಯಾಪ್‌ಟಾಪಿನ ಹೃದಯವೆಂದರೆ ಪ್ರೊಸೆಸರ್ ಎಂಬ ಸಂಸ್ಕಾರಕ. ಬೆರಳಿನ ಉಗುರಿನಷ್ಟು ಅಗಲದ ಸಿಲಿಕಾನ್ ಬಿಲ್ಲೆಯಲ್ಲಿ ಕೋಟ್ಯಂತರ ಟ್ರಾನ್ಸಿಸ್ಟರುಗಳು ಅಡಗಿರುತ್ತವೆ. ಪ್ರತಿಯೊಂದು ಟ್ರಾನ್ಸಿಸ್ಟರೂ ಒಂದು ಅತಿಸೂಕ್ಷ್ಮವಾದ ಸ್ವಿಚ್ಚು. ಅದು ತೆರೆದು ಮುಚ್ಚುವಾಗಲೆಲ್ಲ ಕಿಂಚಿತ್ ವಿದ್ಯುಚ್ಛಕ್ತಿಯು ವ್ಯಯವಾಗುತ್ತದೆ. ಸೆಕೆಂಡಿಗೆ ಇನ್ನೂರು ಮುನ್ನೂರು ಕೋಟಿ ಸಲ ಬಡಿಯುವ ಗಡಿಯಾರವೊಂದರ ತಾಳಕ್ಕೆ ಈ ಸ್ವಿಚ್ಚುಗಳು ಕೆಲಸ ಮಾಡುತ್ತವೆ.

ವಿದ್ಯುಚ್ಛಾಲಿತ ಪಂಪು ನೀರನ್ನು ಮೇಲೆತ್ತುತ್ತದೆ, ಗಿರಣಿಯು ಜೋಳವನ್ನು ಬೀಸುತ್ತದೆ. ಆದರೆ ಸಂಸ್ಕಾರಕವು ಭಾರವನ್ನೆತ್ತುವುದೂ ಇಲ್ಲ, ಏನನ್ನೂ ಬೀಸುವುದೂ ಇಲ್ಲ. ಶಕ್ತಿಯು ನಾಶವಾಗದೆಂಬ ನಿಯಮವನ್ನು ಪಾಠದಲ್ಲಿ ಓದಿದ್ದೀರಷ್ಟೆ. ಹಾಗಾದರೆ ಅದರೊಳಗೆ ಹೊಕ್ಕ ವಿದ್ಯುಚ್ಛಕ್ತಿಯು ಎಲ್ಲಿಗೆ ಹೋಯಿತು? ಹೆಚ್ಚುಕಡಮೆ ಅದೆಲ್ಲವೂ ಶಾಖವಾಗಿ ಮಾರ್ಪಟ್ಟಿತು. 30 ವಾಟ್ ವಿದ್ಯುತ್ತನ್ನು ಬಳಸುವ ಸಂಸ್ಕಾರಕವೆಂದರೆ 30 ವಾಟಿನ ಒಂದು ಒಲೆಯೇ ಸರಿ.

30 ವಾಟ್ ಎಂಬುದು ದೊಡ್ಡ ಪ್ರಮಾಣವಲ್ಲ. ಸುಮ್ಮನೆ ಕುಳಿತ ಮನುಷ್ಯನ ದೇಹವೇ ಸುಮಾರು 100 ವಾಟ್ ಶಾಖವನ್ನು ಹೊರಸೂಸುತ್ತದೆ. ಆದರೆ ಆ ಶಾಖವು ಹೊರಡುವ ಜಾಗದ ವಿಸ್ತಾರವನ್ನು ನೋಡಬೇಕು. 1000 ವಾಟಿನ ಇಸ್ತ್ರಿಪೆಟ್ಟಿಗೆಯ ತಳವು ಸುಮಾರು 200 ಚದರ ಸೆಂಟಿಮೀಟರ್ ಇದ್ದರೆ, ಒಂದು ಚದರ ಸೆಂಟಿಮೀಟರಿಗೆ ಬರುವುದು 5 ವಾಟ್ ಮಾತ್ರ. ಒಂದೂವರೆ ಚದರ ಸೆಂಟಿಮೀಟರಿನ ಸಿಲಿಕಾನ್ ಬಿಲ್ಲೆಯಲ್ಲಿ 30 ವಾಟ್ ಹುಟ್ಟಿದರೆ ಒಂದು ಚದರ ಸೆಂಟಿಮೀಟರಿಗೆ 20 ವಾಟ್ ಆಯಿತು. ಇಸ್ತ್ರಿಪೆಟ್ಟಿಗೆಗಿಂತ ನಾಲ್ಕು ಪಟ್ಟು ಸಾಂದ್ರವಾದ ಈ ಶಾಖವನ್ನು ಕ್ಷಣಕ್ಷಣಕ್ಕೂ ಹೊರಗೆ ಸಾಗಿಸದಿದ್ದರೆ ಬಿಲ್ಲೆಯು ಬಹುಬೇಗ ಕೆಡುವುದು.

ಶಾಖವು ಹೊರಡುವ ದಾರಿ

ಈ ಸಾಗಾಟದ ದಾರಿಯಲ್ಲಿ ನಾಲ್ಕು ಘಟ್ಟಗಳಿವೆ. ಮೊದಲನೆಯದು ಬಿಲ್ಲೆಗೂ ಅದರ ಮೇಲೆ ಕೂರಿಸಿದ ತಾಮ್ರದ ತಗಡಿಗೂ ನಡುವೆ ಬಳಿದ ಉಷ್ಣಲೇಪ. ಎಷ್ಟೇ ನುಣುಪಾದ ಲೋಹದ ಮೈಯಲ್ಲಿಯೂ ಸೂಕ್ಷ್ಮವಾದ ತಗ್ಗುದಿಣ್ಣೆಗಳಿರುತ್ತವೆ. ಆ ತಗ್ಗುಗಳಲ್ಲಿ ಗಾಳಿಯು ಉಳಿದರೆ ಶಾಖವು ಮುಂದೆ ಸಾಗದು, ಏಕೆಂದರೆ ತಾಮ್ರದ ಉಷ್ಣವಾಹಕತೆಯು ಗಾಳಿಯದಕ್ಕಿಂತ ಸುಮಾರು 15,000 ಪಟ್ಟು ಹೆಚ್ಚು. ಲೇಪವು ಆ ಗಾಳಿಯನ್ನು ಹೊರದೂಡಿ ಸೇತುವೆಯಾಗುತ್ತದೆ. ಕೆಲವು ವರ್ಷಗಳಲ್ಲಿ ಲೇಪವು ಒಣಗಿ ಬಿರಿಯುವುದುಂಟು.

ಎರಡನೆಯದು ಉಷ್ಣನಳಿಕೆ. ಇದೊಂದು ಚಪ್ಪಟೆಯಾದ ತಾಮ್ರದ ಕೊಳವೆ. ಅದರೊಳಗಿನ ಗಾಳಿಯನ್ನು ತೆಗೆದು, ಸ್ವಲ್ಪವೇ ನೀರನ್ನು ಹಾಕಿ, ಎರಡು ತುದಿಗಳನ್ನೂ ಬೆಸೆದಿರುತ್ತಾರೆ. ಒತ್ತಡವು ಬಹಳ ಕಡಮೆಯಿರುವುದರಿಂದ ನೀರು 100 ಡಿಗ್ರಿಗಿಂತ ಎಷ್ಟೋ ಕೆಳಗೇ ಆವಿಯಾಗುತ್ತದೆ. ಬಿಸಿಯಾದ ತುದಿಯಲ್ಲಿ ಆವಿಯಾದ ನೀರು ತಂಪಾದ ತುದಿಗೆ ಧಾವಿಸಿ ಅಲ್ಲಿ ಹನಿಯಾಗಿ ಶಾಖವನ್ನು ಬಿಟ್ಟುಕೊಡುತ್ತದೆ. ಒಳಗೋಡೆಯ ರಂಧ್ರಮಯವಾದ ಪದರವು, ದೀಪದ ಬತ್ತಿಯು ಎಣ್ಣೆಯನ್ನು ಹೀರುವಂತೆ, ಆ ನೀರನ್ನು ಹಿಂದಕ್ಕೆ ಹೀರಿಕೊಳ್ಳುತ್ತದೆ. 1963ರಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಶಾಲೆಯಲ್ಲಿ ಜಾರ್ಜ್ ಗ್ರೋವರ್ ಎಂಬ ವಿಜ್ಞಾನಿಯು ಈ ಸಾಧನವನ್ನು ಕಾರ್ಯರೂಪಕ್ಕೆ ತಂದನು. ಇದರ ಮೂಲತತ್ತ್ವವು ನಮಗೆ ಹೊಸದಲ್ಲ. ಪಡಸಾಲೆಯ ಮೂಲೆಯಲ್ಲಿಟ್ಟ ಹರವಿಯ ನೀರು ತಣ್ಣಗಿರುವುದೂ ಆವಿಯಾಗುವ ನೀರು ಗುಪ್ತೋಷ್ಣವನ್ನು ಒಯ್ಯುವುದರಿಂದಲೇ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 540 ಕ್ಯಾಲರಿ ಶಾಖ ಬೇಕು. ಹರವಿಯ ಆವಿಯು ಗಾಳಿಯಲ್ಲಿ ಸೇರಿಹೋಗುತ್ತದೆ. ನಳಿಕೆಯ ಆವಿಯು ಮರಳಿ ನೀರಾಗುತ್ತದೆ. ವ್ಯತ್ಯಾಸ ಇಷ್ಟೇ.

ಮೂರನೆಯದು ಲೋಹದ ರೆಕ್ಕೆಗಳ ಸಾಲು. ಬಾಚಣಿಗೆಯ ಹಲ್ಲುಗಳಂತೆ ಒತ್ತೊತ್ತಾಗಿ ನಿಂತ ಈ ತೆಳುವಾದ ತಗಡುಗಳು ಶಾಖವನ್ನು ವಿಸ್ತಾರವಾದ ಮೈಯ ಮೇಲೆ ಹರಡುತ್ತವೆ. ನಾಲ್ಕನೆಯದೇ ಬೀಸಣಿಗೆ. ಅದು ಯಂತ್ರದ ತಳದಿಂದ ಗಾಳಿಯನ್ನೆಳೆದು ರೆಕ್ಕೆಗಳ ನಡುವೆ ತೂರಿಸಿ ಹೊರಕ್ಕೆ ತಳ್ಳುತ್ತದೆ.

ಎಷ್ಟು ಗಾಳಿ ಬೇಕೆಂಬುದನ್ನು ನೀವೇ ಲೆಕ್ಕ ಹಾಕಬಹುದು. ಒಂದು ಲೀಟರ್ ಗಾಳಿಯನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 1.1 ಜೂಲ್ ಶಾಖ ಬೇಕು. ಹೊರಡುವ ಗಾಳಿಯು ಹೊಕ್ಕ ಗಾಳಿಗಿಂತ 15 ಡಿಗ್ರಿ ಬಿಸಿಯಾಗಿದ್ದರೆ ಪ್ರತಿ ಲೀಟರೂ 16.5 ಜೂಲನ್ನು ಒಯ್ಯುತ್ತದೆ. ಸೆಕೆಂಡಿಗೆ 30 ಜೂಲ್, ಅಂದರೆ 30 ವಾಟ್, ಸಾಗಿಸಲು ಸೆಕೆಂಡಿಗೆ ಸುಮಾರು 1.8 ಲೀಟರ್ ಗಾಳಿ ಹರಿಯಬೇಕು. ಕೌದಿಯು ತಳದ ರಂಧ್ರಗಳನ್ನು ಮುಚ್ಚಿದಾಗ ನಿಲ್ಲುವುದು ಈ ಹರಿವೇ.

ಬೀಸಣಿಗೆಯ ವೇಗವನ್ನು ನಿರ್ಧರಿಸುವವರು ಯಾರು?

ಸಂಸ್ಕಾರಕದ ಒಳಗೇ ಉಷ್ಣತೆಯನ್ನು ಅಳೆಯುವ ಸೂಕ್ಷ್ಮ ಮಾಪಕಗಳಿವೆ. ಅವುಗಳ ವರದಿಯು ಯಂತ್ರದೊಳಗಿನ ಒಂದು ಸಣ್ಣ ನಿಯಂತ್ರಕಕ್ಕೆ ಹೋಗುತ್ತದೆ. ಇಂತಿಷ್ಟು ಉಷ್ಣತೆಗೆ ಇಂತಿಷ್ಟು ವೇಗವೆಂಬ ಪಟ್ಟಿಯೊಂದು ಅದರಲ್ಲಿ ಬರೆದಿರುತ್ತದೆ. ಪಟ್ಟಿಯಂತೆ ನಿಯಂತ್ರಕವು ಬೀಸಣಿಗೆಗೆ ವಿದ್ಯುತ್ತಿನ ಮಿಡಿತಗಳನ್ನು ಕಳಿಸುತ್ತದೆ. ಮಿಡಿತವು ದೀರ್ಘವಾದಷ್ಟೂ ಬೀಸಣಿಗೆಯ ವೇಗವು ಹೆಚ್ಚು. ಸಾಮಾನ್ಯವಾಗಿ ಅದು ನಿಮಿಷಕ್ಕೆ ಎರಡು ಸಾವಿರದಿಂದ ಐದು ಸಾವಿರ ಸುತ್ತುಗಳ ನಡುವೆ ತಿರುಗುತ್ತದೆ.

ಉಷ್ಣತೆಯು ಒಂದು ಡಿಗ್ರಿ ಏರಿದೊಡನೆ ವೇಗವನ್ನು ಹೆಚ್ಚಿಸಿ, ಇಳಿದೊಡನೆ ಕಡಮೆ ಮಾಡಿದರೆ ಬೀಸಣಿಗೆಯು ಸದಾ ಏರಿಳಿಯುತ್ತ ಕಿರಿಕಿರಿಯುಂಟುಮಾಡುವುದು. ಆದುದರಿಂದ 60 ಡಿಗ್ರಿಯಲ್ಲಿ ವೇಗವು ಹೆಚ್ಚಿದರೆ 55ಕ್ಕೆ ಇಳಿಯುವವರೆಗೆ ಅದು ಕಡಮೆಯಾಗದಂತೆ ಏರ್ಪಾಟು ಮಾಡಿರುತ್ತಾರೆ.

ಬೀಸಣಿಗೆಯಿಂದಲೂ ಸಾಲದಾದಾಗ, ಉಷ್ಣತೆಯು ಸುಮಾರು 100 ಡಿಗ್ರಿಗೆ ಸಮೀಪಿಸಿದಾಗ, ಸಂಸ್ಕಾರಕವು ತನ್ನ ಗಡಿಯಾರದ ಬಡಿತವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ನಮ್ಮ ವಿದ್ಯಾರ್ಥಿಯ ಯಂತ್ರವು ಕುಂಟಿದ್ದು ಇದರಿಂದ. ಅದಕ್ಕೂ ಬಿಸಿಯು ಜಗ್ಗದಿದ್ದರೆ ವಿದ್ಯುತ್ತನ್ನೇ ಕಡಿದುಕೊಳ್ಳುತ್ತದೆ. ಥಟ್ಟನೆ ಆರಿಹೋದದ್ದು ಯಂತ್ರದ ಆತ್ಮರಕ್ಷಣೆಯೇ ಹೊರತು ರೋಗವಲ್ಲ.

ಒಂದು ಸರಳ ಸಮೀಕರಣ

ಈಗ ವಿಷಯದ ತಿರುಳಿಗೆ ಬರೋಣ. ಬೀಸಣಿಗೆಯು ಶಾಖವನ್ನು ನಾಶಮಾಡುವುದಿಲ್ಲ, ಒಳಗಿನಿಂದ ಹೊರಕ್ಕೆ ಸಾಗಿಸುತ್ತದೆ, ಅಷ್ಟೆ. ಹೊರಗಿನ ಗಾಳಿಯೇ 40 ಡಿಗ್ರಿಯಿದ್ದರೆ ಎಷ್ಟೇ ಬೀಸಿದರೂ ಬಿಲ್ಲೆಯು 40 ಡಿಗ್ರಿಗಿಂತ ಕೆಳಕ್ಕಿಳಿಯದು. ತಲೆಯ ಮೇಲೆ ತಿರುಗುವ ಫ್ಯಾನು ನಮಗೆ ತಂಪೆನಿಸುವುದು ಮೈಯ ಬೆವರು ಆರುವುದರಿಂದ. ಯಂತ್ರಕ್ಕೆ ಬೆವರಿಲ್ಲ.

ಬಿಲ್ಲೆಯ ಉಷ್ಣತೆಯನ್ನು ಹೀಗೆ ಬರೆಯಬಹುದು:

ಬಿಲ್ಲೆಯ ಉಷ್ಣತೆ = ಕೋಣೆಯ ಉಷ್ಣತೆ + (ವ್ಯಯವಾಗುವ ವಾಟ್ × ಉಷ್ಣರೋಧ)

ಪ್ರತಿ ವಾಟಿಗೂ ಬಿಲ್ಲೆಯು ಕೋಣೆಗಿಂತ ಎಷ್ಟು ಡಿಗ್ರಿ ಬಿಸಿಯಾಗುವುದೋ ಅದೇ ಉಷ್ಣರೋಧ. ಉದಾಹರಣೆಗಾಗಿ, ಶುಚಿಯಾದ ಯಂತ್ರವೊಂದರಲ್ಲಿ ಇದು 1.6 ಎಂದೂ, ರೆಕ್ಕೆಗಳಲ್ಲಿ ಧೂಳು ತುಂಬಿದಾಗ 2.2 ಎಂದೂ ಇಟ್ಟುಕೊಳ್ಳೋಣ. ಕೆಲಸವು 30 ವಾಟಿನದು.

ಶುಚಿಯಾದ ಯಂತ್ರ, ಕೋಣೆ 20 ಡಿಗ್ರಿ: 20 + 48 = 68 ಡಿಗ್ರಿ
ಧೂಳು ತುಂಬಿದ ಯಂತ್ರ, ಕೋಣೆ 20 ಡಿಗ್ರಿ: 20 + 66 = 86 ಡಿಗ್ರಿ
ಶುಚಿಯಾದ ಯಂತ್ರ, ಕೋಣೆ 40 ಡಿಗ್ರಿ: 40 + 48 = 88 ಡಿಗ್ರಿ
ಧೂಳು ತುಂಬಿದ ಯಂತ್ರ, ಕೋಣೆ 40 ಡಿಗ್ರಿ: 40 + 66 = 106 ಡಿಗ್ರಿ

ಈ ನಾಲ್ಕು ಸಾಲುಗಳನ್ನು ಗಮನವಿಟ್ಟು ನೋಡಿರಿ. ಧೂಳು ತುಂಬಿದ ಯಂತ್ರವು ಚಳಿಗಾಲದಲ್ಲಿ 86 ಡಿಗ್ರಿಯಲ್ಲಿ ನಡೆಯುತ್ತದೆ. ಯಾರಿಗೂ ಸಂದೇಹ ಬರುವುದಿಲ್ಲ. ಅದೇ ಯಂತ್ರವು ಬೇಸಿಗೆಯಲ್ಲಿ 100ರ ಗಡಿಯನ್ನು ದಾಟುತ್ತದೆ. ನಾವು ಬಿಸಿಲನ್ನು ಬೈಯುತ್ತೇವೆ. ಆದರೆ ಶುಚಿಯಾದ ಯಂತ್ರವು ಅದೇ ಬಿಸಿಲಿನಲ್ಲಿ 88 ಡಿಗ್ರಿಯಲ್ಲಿ ನಿಂತು ಕೆಲಸ ಮಾಡುತ್ತಿದೆ. ಚಳಿಗಾಲದಲ್ಲಿ ಕಾಣದೆ ಕುಳಿತ ದೋಷವನ್ನು ಬೇಸಿಗೆಯು ಹೊರಗೆಡಹಿತಷ್ಟೆ.

ನಮ್ಮ ಪ್ರದೇಶಕ್ಕೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಬೈಲಹೊಂಗಲವು ಹತ್ತಿಯ ಪೇಟೆ. ಅಲ್ಲಿ ಹತ್ತಿಯನ್ನು ಹಿಂಜಿ ಬೀಜ ಬೇರ್ಪಡಿಸುವ ಜಿನ್ನಿಂಗ್ ಗಿರಣಿಗಳಿವೆ. ರಾಮದುರ್ಗವು ಕೈಮಗ್ಗದ ನೇಕಾರಿಕೆಗೆ ಹೆಸರಾದ ಊರು. ಹತ್ತಿಯ ಎಳೆಯು ಸಾಧಾರಣ ಧೂಳಿನಂತಲ್ಲ. ಧೂಳಿನ ಕಣವು ರೆಕ್ಕೆಗಳ ಸಂದಿಯಿಂದ ತೂರಿಹೋಗಬಹುದು; ಎಳೆಯು ಅಡ್ಡಲಾಗಿ ಸಿಕ್ಕಿಕೊಳ್ಳುತ್ತದೆ. ಒಂದು ಎಳೆಗೆ ಇನ್ನೊಂದು ಹೆಣೆದುಕೊಂಡು, ಎರೆಮಣ್ಣಿನ ಧೂಳು ಅದರಲ್ಲಿ ಕೂತು, ಬೀಸಣಿಗೆಗೂ ರೆಕ್ಕೆಗಳಿಗೂ ನಡುವೆ ಕಂಬಳಿಯ ತುಣುಕಿನಂಥ ಪದರವೊಂದು ಬೆಳೆಯುತ್ತದೆ. ಹತ್ತಿಯ ಸುಗ್ಗಿ ನಡೆಯುವ ಚಳಿಗಾಲದಲ್ಲಿ ಇದು ಬೆಳೆದು, ಪರೀಕ್ಷೆಯ ಬೇಸಿಗೆಯಲ್ಲಿ ತನ್ನ ಫಲವನ್ನು ತೋರಿಸುತ್ತದೆ.

ವೇಗ ಹೆಚ್ಚಿಸಿದರೆ ಸಾಲದೆ?

ಬೀಸಣಿಗೆಯನ್ನು ಸದಾ ಅತಿ ವೇಗದಲ್ಲಿ ಓಡಿಸುವ ತಂತ್ರಾಂಶಗಳುಂಟು. ಅವುಗಳ ಪ್ರಯೋಜನವೆಷ್ಟು? ಬೀಸಣಿಗೆಯ ವೇಗವು ಇಮ್ಮಡಿಯಾದರೆ ಗಾಳಿಯೂ ಇಮ್ಮಡಿಯಾಗುತ್ತದೆ, ಆದರೆ ಅದನ್ನು ತಿರುಗಿಸಲು ಬೇಕಾದ ವಿದ್ಯುತ್ತು ಎಂಟು ಪಟ್ಟಾಗುತ್ತದೆ. ಸದ್ದೂ ಸುಮಾರು 15 ಡೆಸಿಬೆಲ್ ಏರುತ್ತದೆ. ಇಷ್ಟಾಗಿಯೂ ತಂಪು ಇಮ್ಮಡಿಯಾಗುವುದಿಲ್ಲ. ನಮ್ಮ ಉದಾಹರಣೆಯ 1.6ರಲ್ಲಿ 0.6 ಭಾಗವು ಬಿಲ್ಲೆ, ಲೇಪ, ನಳಿಕೆಗಳದು. ಬೀಸಣಿಗೆಯು ಅದನ್ನು ಮುಟ್ಟಲಾರದು. ಉಳಿದ 1.0 ಭಾಗವು ಇಮ್ಮಡಿ ಗಾಳಿಯಿಂದ 0.7ಕ್ಕೆ ಇಳಿಯಿತೆಂದುಕೊಂಡರೆ, 30 ವಾಟಿಗೆ ದೊರೆತ ಲಾಭ 9 ಡಿಗ್ರಿ. ದಾರಿಯೇ ಕಟ್ಟಿದ್ದರೆ ಅಷ್ಟೂ ಇಲ್ಲ. ಮುಚ್ಚಿದ ಬಾಗಿಲಿನ ಮುಂದೆ ಎಷ್ಟು ಬೀಸಿದರೇನು?

ಇದಕ್ಕಿಂತ ಸುಲಭವಾದ ಮಾರ್ಗವು ಸಮೀಕರಣದ ಇನ್ನೊಂದು ಅಂಶದಲ್ಲಿದೆ. ಸಂಸ್ಕಾರಕವು ಕೆಲಸದಲ್ಲಿ ವ್ಯಯಿಸುವ ವಿದ್ಯುತ್ತು ಅದರ ಆವರ್ತಾಂಕಕ್ಕೂ ವೋಲ್ಟೇಜಿನ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ಆವರ್ತಾಂಕವು ಇಳಿದರೆ ವೋಲ್ಟೇಜನ್ನೂ ಇಳಿಸಬಹುದು. ಎರಡೂ ನೂರಕ್ಕೆ 10ರಷ್ಟು ಇಳಿದುವೆನ್ನೋಣ. ಆಗ 0.9 × 0.9 × 0.9 = 0.729. ಅಂದರೆ ವೇಗದಲ್ಲಿ ಹತ್ತನೆಯ ಒಂದು ಪಾಲನ್ನು ಬಿಟ್ಟುಕೊಟ್ಟರೆ ಶಾಖದಲ್ಲಿ ಕಾಲು ಪಾಲಿಗಿಂತ ಹೆಚ್ಚು ಉಳಿಯಿತು. 30 ವಾಟ್ ಇದ್ದದ್ದು 22ಕ್ಕೆ ಇಳಿಯಿತು. ಶುಚಿಯಾದ ಯಂತ್ರದಲ್ಲಿ ಇದರ ಲಾಭ ಸುಮಾರು 13 ಡಿಗ್ರಿ. ಸದ್ದೂ ಇಲ್ಲ, ಖರ್ಚೂ ಇಲ್ಲ. ಪಾಠ ಓದುವುದಕ್ಕೂ ಪ್ರಬಂಧ ಬರೆಯುವುದಕ್ಕೂ ಈ ಹತ್ತನೆಯ ಒಂದು ಪಾಲಿನ ವೇಗವು ಬೇಕಾಗುವುದೇ ಇಲ್ಲ.

ಇದನ್ನು ಮಾಡುವುದು ಕಷ್ಟವಲ್ಲ. ವಿಂಡೋಸ್ ಇರುವ ಯಂತ್ರಗಳಲ್ಲಿ ವಿದ್ಯುತ್ತಿನ ಬಳಕೆಯನ್ನು ನಿರ್ಧರಿಸುವ ಪವರ್ ಪುಟದಲ್ಲಿ ಗರಿಷ್ಠ ಕಾರ್ಯಕ್ಷಮತೆಯ ಬದಲು ಸಮತೋಲಿತ ಕ್ರಮವನ್ನು ಆರಿಸಬಹುದು. ಹಲವು ಯಂತ್ರಗಳಲ್ಲಿ ಸಂಸ್ಕಾರಕದ ಗರಿಷ್ಠ ಸ್ಥಿತಿಯನ್ನು ನೂರರಿಂದ ಕೆಳಕ್ಕಿಳಿಸುವ ಅವಕಾಶವೂ ಇದೆ. ತೆರೆದಿಟ್ಟು ಮರೆತ ಪುಟಗಳನ್ನೂ ಕಾರ್ಯಕ್ರಮಗಳನ್ನೂ ಮುಚ್ಚುವುದು ಇನ್ನೂ ಸರಳ.

ಬ್ಯಾಟರಿಯ ವಿಚಾರ

ಬಿಸಿಯಿಂದ ಹೆಚ್ಚು ನಷ್ಟವಾಗುವುದು ಸಂಸ್ಕಾರಕಕ್ಕಲ್ಲ, ಬ್ಯಾಟರಿಗೆ. ಸಂಸ್ಕಾರಕವು ತನ್ನನ್ನು ತಾನು ಕಾಪಾಡಿಕೊಳ್ಳುತ್ತದೆ. ಲಿಥಿಯಂ ಅಯಾನ್ ಬ್ಯಾಟರಿಯ ಒಳಗಿನ ಅನಪೇಕ್ಷಿತ ರಾಸಾಯನಿಕ ಕ್ರಿಯೆಗಳು ಉಷ್ಣತೆಯೊಡನೆ ತೀವ್ರವಾಗುತ್ತವೆ. ಅನೇಕ ರಾಸಾಯನಿಕ ಕ್ರಿಯೆಗಳ ವೇಗವು ಪ್ರತಿ 10 ಡಿಗ್ರಿಗೆ ಸುಮಾರು ಇಮ್ಮಡಿಯಾಗುವುದೆಂಬ ಸ್ಥೂಲ ನಿಯಮವು ನಿಮಗೆ ತಿಳಿದಿರಬಹುದು. ಬ್ಯಾಟರಿಯು 45 ಡಿಗ್ರಿಗಿಂತ ಬಿಸಿಯಾಗಿರುವಾಗ ಅದಕ್ಕೆ ವಿದ್ಯುತ್ ತುಂಬುವುದು ಹಿತವಲ್ಲ. ಬಿಸಿಲಿಗೆ ನಿಲ್ಲಿಸಿದ ವಾಹನದಲ್ಲಿ ಯಂತ್ರವನ್ನು ಬಿಟ್ಟುಹೋಗಕೂಡದು. ತಳವು ಉಬ್ಬಿದಂತೆ ಕಂಡರೆ ಒಡನೆಯೇ ಬಳಕೆಯನ್ನು ನಿಲ್ಲಿಸಬೇಕು. ಉಬ್ಬಿದ ಬ್ಯಾಟರಿಯನ್ನು ಒತ್ತುವುದಾಗಲಿ ಚುಚ್ಚುವುದಾಗಲಿ ಬೆಂಕಿಗೆ ಕಾರಣವಾದೀತು.

ಆಚರಣೆಯಲ್ಲಿ

ಸಮೀಕರಣದಲ್ಲಿ ಮೂರು ಅಂಶಗಳಿವೆಯಷ್ಟೆ. ಉಪಾಯಗಳೂ ಮೂರು ಬಗೆಯವು.

ಮೊದಲನೆಯದು ಕೋಣೆಯ ಉಷ್ಣತೆ. ತಗಡಿನ ಮಾಡು ಮಧ್ಯಾಹ್ನ ತಾನೇ ಕಾದು ಕೆಳಕ್ಕೆ ಶಾಖವನ್ನು ಸೂಸುತ್ತದೆ. ನಮ್ಮ ಹಳೆಯ ಮೇಲ್ಮುದ್ದೆಯ ಮಾಳಿಗೆ ಮನೆಗಳ ದಪ್ಪ ಮಣ್ಣಿನೊಳಕ್ಕೆ ಬಿಸಿಲು ಇಳಿಯಲು ಗಂಟೆಗಳು ಬೇಕು. ಎರಡೂ ಇರುವ ಮನೆಯಲ್ಲಿ ಯಾವ ಕೋಣೆ ಉತ್ತಮವೆಂದು ಹೇಳಬೇಕಾಗಿಲ್ಲ. ಭಾರವಾದ ಕೆಲಸವನ್ನು ಬೆಳಗಿನ ಜಾವಕ್ಕೆ ಇಟ್ಟುಕೊಳ್ಳುವುದು ಎಲ್ಲರಿಗೂ ಸಾಧ್ಯ. ಒಣಹವೆಯಲ್ಲಿ ನೀರಿನ ಕೂಲರು ಕೋಣೆಯ ಗಾಳಿಯನ್ನೇ ತಂಪುಮಾಡುವುದರಿಂದ ಯಂತ್ರಕ್ಕೂ ನೆರವಾಗುತ್ತದೆ. ಆದರೆ ಅದರ ತೇವದ ಗಾಳಿಯು ನೇರವಾಗಿ ಯಂತ್ರದ ಮೇಲೆ ಬೀಸಬಾರದು. ಲ್ಯಾಪ್‌ಟಾಪಿನ ಮೇಲೆ ಒದ್ದೆಬಟ್ಟೆ ಹಾಕುವುದೂ, ಅದನ್ನು ಫ್ರಿಜ್ಜಿನಲ್ಲಿಡುವುದೂ ಅಪಾಯಕರ. ಫ್ರಿಜ್ಜಿನಿಂದ ತೆಗೆದೊಡನೆ ಗಾಳಿಯ ತೇವವು ಒಳಗೆ ಹನಿಗಟ್ಟುವುದು.

ಎರಡನೆಯದು ವಾಟ್. ಇದನ್ನು ಮೇಲೆ ವಿವರಿಸಿದ್ದಾಗಿದೆ.

ಮೂರನೆಯದು ಉಷ್ಣರೋಧ. ಯಂತ್ರವನ್ನು ಕೌದಿ, ಹಾಸಿಗೆ, ತೊಡೆಗಳ ಮೇಲಿಡದೆ ಗಟ್ಟಿಯಾದ ಹಲಗೆಯ ಮೇಲಿಡಬೇಕು. ಹಿಂಬದಿಗೆ ಒಂದು ಅಂಗುಲ ಎತ್ತರದ ಮರದ ತುಂಡುಗಳೆರಡನ್ನು ಕೊಟ್ಟರೆ ತಳಕ್ಕೆ ಗಾಳಿ ಸಲೀಸಾಗಿ ಬರುವುದು. ಶುಚಿ ಮಾಡುವಾಗ ಯಂತ್ರವನ್ನು ಆರಿಸಿ, ಚಾರ್ಜರನ್ನು ಕಳಚಿ, ಪೂರ್ತಿ ತಣಿಯಲು ಬಿಡಬೇಕು. ಹೊರಗಿನಿಂದ ಜೋರಾಗಿ ಗಾಳಿ ಊದಿದರೆ ಎಳೆಯ ಪದರವು ಹಿಂದಕ್ಕೆ ಸರಿದು ಬೀಸಣಿಗೆಗೇ ಸುತ್ತಿಕೊಳ್ಳಬಹುದು. ಬೀಸಣಿಗೆಯು ಮಿತಿಮೀರಿ ತಿರುಗಿ ಅದರ ಅಚ್ಚು ಸವೆಯಲೂಬಹುದು. ಮುಚ್ಚಳವನ್ನು ಬಿಚ್ಚಿ, ಬೀಸಣಿಗೆಯನ್ನು ತೆಳುವಾದ ಕಡ್ಡಿಯಿಂದ ತಡೆಹಿಡಿದು, ಮೃದುವಾದ ಕುಂಚದಿಂದ ಪದರವನ್ನು ತೆಗೆಯುವುದೇ ಸರಿಯಾದ ಕ್ರಮ. ಈ ಕೆಲಸದಲ್ಲಿ ಅನುಭವವಿಲ್ಲದವರೂ, ಯಂತ್ರದ ಖಾತರಿ ಅವಧಿ ಮುಗಿಯದವರೂ ಅದನ್ನು ಬಲ್ಲವರ ಕೈಗೆ ಕೊಡುವುದು ಲೇಸು. ಲೇಪವು ಒಣಗಿದ್ದರೆ ಅವರೇ ಬದಲಿಸುವರು.

ಒಂದು ಅಭ್ಯಾಸ

ಪ್ರಯೋಗವಿಲ್ಲದ ಪಾಠ ಮನಸ್ಸಿನಲ್ಲಿ ನಿಲ್ಲದು. ಒಂದು ಸಣ್ಣ ಟಿಪ್ಪಣಿಪುಸ್ತಕವನ್ನು ಇಟ್ಟುಕೊಳ್ಳಿರಿ. ತಿಂಗಳಿಗೊಮ್ಮೆ ಒಂದೇ ಬಗೆಯ ಕೆಲಸವನ್ನು, ಉದಾಹರಣೆಗೆ ಒಂದೇ ಚಲಚ್ಚಿತ್ರವನ್ನು, ಇಪ್ಪತ್ತು ನಿಮಿಷ ನಡೆಸಿರಿ. ಕೋಣೆಯ ಉಷ್ಣತೆಯನ್ನು ಗೋಡೆಯ ಉಷ್ಣಮಾಪಕದಿಂದಲೂ, ಸಂಸ್ಕಾರಕದ ಉಷ್ಣತೆಯನ್ನು ಅದನ್ನು ತೋರಿಸುವ ಯಾವುದಾದರೊಂದು ತಂತ್ರಾಂಶದಿಂದಲೂ ತಿಳಿದು ಬರೆದಿಡಿರಿ. ಎರಡರ ವ್ಯತ್ಯಾಸವನ್ನು ಮೂರನೆಯ ಅಂಕಣದಲ್ಲಿ ಬರೆಯಿರಿ.

ಮೊದಲ ಎರಡು ಅಂಕಣಗಳು ಋತುವಿನೊಡನೆ ಏರಿಳಿಯುತ್ತವೆ. ಮೂರನೆಯದು ಹೆಚ್ಚುಕಡಮೆ ಸ್ಥಿರವಾಗಿರಬೇಕು. ಕಾರ್ತಿಕದಲ್ಲಿ 48 ಇದ್ದದ್ದು ಮಾಘದಲ್ಲಿ 58 ಆಯಿತೆಂದರೆ, ಯಂತ್ರವು ಮುಟ್ಟಲು ತಣ್ಣಗಿದ್ದರೂ, ಬೀಸಣಿಗೆಯು ಮೌನವಾಗಿದ್ದರೂ, ಒಳಗೆ ಪದರವು ಬೆಳೆಯುತ್ತಿದೆಯೆಂದು ತಿಳಿಯಬೇಕು. ಬೇಸಿಗೆಯು ಬಂದು ಹೇಳುವ ಮೊದಲೇ ಈ ಅಂಕೆಯು ಹೇಳುತ್ತದೆ.

ಖಂಡೇ ಪೂಜೆಯ ದಿನ ನಮ್ಮ ರೈತರೂ ನೇಕಾರರೂ ತಮ್ಮ ಉಪಕರಣಗಳನ್ನೆಲ್ಲ ತೊಳೆದು ಒರೆಸಿ ಪೂಜಿಸುವರು. ಲ್ಯಾಪ್‌ಟಾಪೂ ವಿದ್ಯಾರ್ಥಿಯ ಉಪಕರಣವೇ. ಅದಕ್ಕೆ ಕುಂಕುಮ ಹಚ್ಚುವ ದಿನ ದಸರೆಯಾದರೆ, ಅದರ ರೆಕ್ಕೆಗಳ ಎಳೆಯನ್ನು ತೆಗೆಯುವ ದಿನ ಯುಗಾದಿಗೆ ಮುಂಚೆ ಬರಬೇಕು. ಹತ್ತಿಯ ಸುಗ್ಗಿಯು ಮುಗಿದು ಪರೀಕ್ಷೆಯ ಬೇಸಿಗೆಯು ತೊಡಗುವುದು ಆಗಲೇ.